ಕೆಳಮನೆಯ ಆರು ದೀಪ

ಡಿಸೆಂಬರ್ ಬಂತೆಂದರೆ ಅವರ ಬಲಗೈಯ ಮೂರು ಬೆರಳು ಬೀಟ್‌ರೂಟಿನ ಕೆಂಪಿಗೆ ತಿರುಗುತ್ತಿದ್ದವು. ಉಗುರಿನ ಸಂದಿಗೆ ಇಳಿದ ಆ ಬಣ್ಣ ಸೋಪಿಗೂ ಹೋಗದು, ನಿಂಬೆಹಣ್ಣಿಗೂ ಹೋಗದು. ಕ್ರಿಸ್‌ಮಸ್ ಮುನ್ನಾದಿನದ ಸಾರಿಗೆಂದು ವಾರ ಮೊದಲೇ ಬೀಟ್‌ರೂಟ್ ಹೆಚ್ಚಿ, ಗಾಜಿನ ಭರಣಿಯಲ್ಲಿ ನೀರು ಬೆಳ್ಳುಳ್ಳಿ ಹಾಕಿ ಹುಳಿ ಬರಲು ಇಡುತ್ತಿದ್ದರು. ಮದುವೆಮನೆಯ ಹೆಣ್ಣುಮಕ್ಕಳ ಬೆರಳಿಗೆ ಮದರಂಗಿ ಇದ್ದ ಹಾಗೆ ಆ ಕೆಂಪು. ಅದೇ ಬೆರಳುಗಳಲ್ಲಿ ಕಾಗದದಷ್ಟು ತೆಳ್ಳಗಿನ ಬಿಳಿಯ ಹಪ್ಪಳದ ಚೂರೊಂದನ್ನು ಹಿಡಿದು, ನಾನು ಮಾತಾಡಲೆಂದು ಅವರು ಕಾದು ನಿಂತಿದ್ದರಲ್ಲ, ಆ ಕೈ ಈಗಲೂ ಕಣ್ಣ ಮುಂದೆ ಇದೆ.

ಇದನ್ನು ಬರೆಯಲು ಕುಳಿತು ಎದ್ದದ್ದು ಹತ್ತು ಸಲವಾದರೂ ಆಗಿರಬೇಕು. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿ ಹುಬ್ಬಳ್ಳಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತವನು. ಬರೆಯಲು ಬಾರದು ಎಂಬ ನೆಪ ನನಗೆ ಯಾವಾಗಲೂ ಕೈಗೆಟುಕುವಂತಿತ್ತು. ನಿಜ ಬೇರೆ. ಅವರ ಬಗ್ಗೆ ಬರೆದರೆ ನಾನು ಮಾಡಿದ್ದನ್ನೂ ಬರೆಯಬೇಕಾಗುತ್ತದೆ. ಈಗ ಎಪ್ಪತ್ತು ತುಂಬಿತು. ಇನ್ನೂ ಮುಂದೆ ಹಾಕಿದರೆ ಅದೂ ಒಂದು ಸುಳ್ಳಾಗುತ್ತದೆ.

ಅವರು ನಮ್ಮ ಮನೆಯ ಒಡತಿ. ನ್ಯೂಜೆರ್ಸಿಯ ಲಿಂಡನ್ ಊರಿನಲ್ಲಿ, ರೈಲು ಹಳಿಗೆ ಎರಡು ಬೀದಿ ಈಚೆಗೆ, ಕೆಳಗೊಂದು ಮೇಲೊಂದು ಸಂಸಾರ ಇರುವಂಥ ಹಳೆಯ ಮರದ ಮನೆ. ಕೆಳಗೆ ಅವರು, ಮೇಲೆ ನಾವು. ಪೋಲೆಂಡಿನಿಂದ ಗಂಡನ ಜೊತೆ ಬಂದು, ಸಂಜೆ ಹೊತ್ತು ಮ್ಯಾನ್‌ಹಟನ್ನಿನ ಆಫೀಸುಗಳ ನೆಲ ಒರೆಸಿ, ಆ ದುಡಿಮೆಯಿಂದ ಕೊಂಡ ಮನೆ ಅದು. ನಾವು ಬರುವ ಹೊತ್ತಿಗೆ ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಮಕ್ಕಳಿರಲಿಲ್ಲ.

ನಾವು ಬಂದದ್ದೇ ಒಂದು ಕಥೆ. ನಮ್ಮ ಅಕ್ಕ ಎಡಿಸನ್ನಿನಲ್ಲಿದ್ದಳು. ಅವಳೇ ಅರ್ಜಿ ಹಾಕಿ ನನ್ನನ್ನು, ನನ್ನ ಹೆಂಡತಿಯನ್ನು, ಹದಿಮೂರು ವರ್ಷದ ಮಗಳನ್ನು ಕರೆಸಿಕೊಂಡಳು. ನನಗೆ ಡ್ರೈಕ್ಲೀನಿಂಗ್ ಅಂಗಡಿಯೊಂದರಲ್ಲಿ ಬಟ್ಟೆ ಆಲ್ಟರ್ ಮಾಡುವ ಕೆಲಸ ಸಿಕ್ಕಿತು. ಜನವರಿ ಒಂದರಿಂದ ಲಿಂಡನ್ನಿನ ಮನೆ ಎಂದು ಮಾತಾಗಿತ್ತು. ಅಷ್ಟರಲ್ಲಿ ಅಕ್ಕನ ಮನೆಯಲ್ಲಿ ಒಂದು ಮಾತು ಬಂತು. ಆರು ತಿಂಗಳು ಅವರ ಅನ್ನ ಉಂಡಿದ್ದೆವು, ಬರಬಹುದಾದ ಮಾತೇ. ನನಗೆ ತಡೆಯಲಾಗಲಿಲ್ಲ. ಅವತ್ತೇ ಮಧ್ಯಾಹ್ನ ನಾಲ್ಕು ಸೂಟ್‌ಕೇಸ್ ಹೊತ್ತು ಹೊರಟುಬಿಟ್ಟೆ. ಅದು ಡಿಸೆಂಬರ್ ಇಪ್ಪತ್ನಾಲ್ಕು ಎಂಬುದೂ ನನ್ನ ತಲೆಗೆ ಹೋಗಿರಲಿಲ್ಲ. ಲಿಂಡನ್ ಮುಟ್ಟಿದಾಗ ಕತ್ತಲಾಗುತ್ತಿತ್ತು. ಬಾಗಿಲು ಬಡಿದೆ. ಒಂದು ವಾರ ಮೊದಲೇ ಬಂದಿದ್ದೇವೆ, ಮೇಲಿನ ಮನೆಯ ಕೀಲಿ ಕೊಡಿ ಎಂದು ಇಂಗ್ಲಿಷಿನಲ್ಲಿ ಹೇಳಲು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ.

ಅವರು ನನಗೆ ಅದನ್ನು ಹೇಳಲು ಬಿಡಲೇ ಇಲ್ಲ. ನಮ್ಮ ಮೂವರನ್ನೂ ನೋಡಿದರು, ತಲೆ ಎತ್ತಿ ಆಕಾಶ ನೋಡಿದರು, ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು ನನ್ನ ಹೆಂಡತಿಯ ಕೈ ಹಿಡಿದು ಒಳಗೆ ಎಳೆದುಕೊಂಡರು.

ಒಳಗೆ ಮೇಜಿನ ಮೇಲೆ ಬಿಳಿಯ ಬಟ್ಟೆ, ಬಟ್ಟೆಯ ಕೆಳಗೆ ಒಣಹುಲ್ಲು. ಎರಡು ತಟ್ಟೆ. ಒಂದು ಅವರದು, ಇನ್ನೊಂದರ ಮುಂದೆ ಕುರ್ಚಿ ಇದ್ದರೂ ಯಾರೂ ಇಲ್ಲ. ನಮಗೆ ಆಮೇಲೆ ತಿಳಿಯಿತು. ಆ ಸಂಜೆ ಮೊದಲ ನಕ್ಷತ್ರ ಕಂಡ ಮೇಲೆಯೇ ಅವರ ಜನ ಉಣ್ಣುವುದು. ಮೇಜಿನ ಮೇಲೆ ಒಂದು ತಟ್ಟೆ ಹೆಚ್ಚಿಗೆ ಇಡುತ್ತಾರೆ. ಕರೆಯದೆ ಬರುವ ಅತಿಥಿಗೆ, ದಾರಿ ತಪ್ಪಿದವರಿಗೆ ಅದು. ಅವರು ಎಪ್ಪತ್ತು ವರ್ಷ ಆ ತಟ್ಟೆ ಇಟ್ಟದ್ದನ್ನು ನೋಡಿದ್ದರಂತೆ, ಅದರ ಮುಂದೆ ಯಾರೂ ಬಂದು ಕುಳಿತದ್ದನ್ನು ನೋಡಿರಲಿಲ್ಲವಂತೆ. “ಒಂದು ತಟ್ಟೆ ಇಟ್ಟೆ, ದೇವರು ಮೂವರನ್ನು ಕಳಿಸಿದ” ಎಂದು ಅವರು ಆಮೇಲೆ ಎಲ್ಲರಿಗೂ ಹೇಳುತ್ತಿದ್ದರು. ಅತಿಥಿ ಮನೆಗೆ ಬಂದರೆ ದೇವರು ಮನೆಗೆ ಬಂದಂತೆ ಎಂಬ ಗಾದೆ ಅವರಲ್ಲಿಯೂ ಇದೆ. ನಮ್ಮಲ್ಲಿಯೂ ಅದು ಇದೆ ಎಂದೆ. ಅದಕ್ಕವರು, ಇರಲೇಬೇಕು, ಹಸಿವು ಎಲ್ಲ ಕಡೆ ಇದೆಯಲ್ಲ ಎಂದರು.

ಅಂದು ನಮ್ಮವಳು ಬರಿಯ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ ತಿಂದಳು. ಆ ರಾತ್ರಿ ಅವರು ಮಾಂಸ ಮುಟ್ಟುವುದಿಲ್ಲ, ಆದರೆ ಮೀನು ಮೇಜಿನ ಮೇಲಿತ್ತು. ಆಕೆ ಮೂಗಿಗೆ ಸೆರಗು ಹಿಡಿದದ್ದನ್ನು ಅವರು ಗಮನಿಸಿದರು. ಮರುವರ್ಷ ಮೀನು ಮೇಜಿನ ಆ ತುದಿಗೆ ಹೋಯಿತು. ಮೂರನೆಯ ವರ್ಷ ಅದು ಕಾಣಲಿಲ್ಲ. ಮೀನಿದ್ದ ಜಾಗದಲ್ಲಿ ದೊಡ್ಡ ಪಿಂಗಾಣಿ ತಟ್ಟೆ ಖಾಲಿ ಇಟ್ಟು, ಇಲ್ಲಿಗೆ ನಿಮ್ಮದೇನಾದರೂ ತನ್ನಿ, ಹನ್ನೆರಡು ಬಗೆ ಆಗಲೇಬೇಕು ಎಂದರು. ನಮ್ಮವಳು ಎಣ್ಣೆಗಾಯಿ ಮಾಡಿಕೊಂಡು ಇಳಿದಳು. ಅಲ್ಲಿಂದ ಮುಂದೆ ಪ್ರತಿ ವರ್ಷ ಆ ಮೀನಿನ ತಟ್ಟೆಯ ಮೇಲೆ ಬದನೆಕಾಯಿ. ಹನ್ನೆರಡಕ್ಕೆ ಒಂದೆರಡು ಕಡಿಮೆ ಬಿದ್ದರೆ ಅವರು ಉಪ್ಪಿನಕಾಯಿಯನ್ನೂ ಬ್ರೆಡ್ಡನ್ನೂ ಎಣಿಕೆಗೆ ಹಿಡಿಯುತ್ತಿದ್ದರು. ಮೇಜುಬಟ್ಟೆಯ ಕೆಳಗಿನ ಹುಲ್ಲು ಬರುತ್ತಿದ್ದದ್ದು ಸಾಕುಪ್ರಾಣಿಗಳ ಅಂಗಡಿಯಿಂದ, ಮೊಲಕ್ಕೆಂದು ಮಾರುವ ಹುಲ್ಲು. ಏಸು ಹುಟ್ಟಿದ ಗೋದಲಿಯಲ್ಲಿ ಏನಿತ್ತೋ, ನ್ಯೂಜೆರ್ಸಿಯಲ್ಲಿ ಸಿಗುವುದು ಇದೇ ಎನ್ನುತ್ತಿದ್ದರು.

ನಾವು ಪ್ರತಿ ವರ್ಷ ಹೋಗತೊಡಗಿದ ಮೇಲೆ ನಮ್ಮ ತಟ್ಟೆಗಳ ಜೊತೆ ಮತ್ತೊಂದು ಖಾಲಿ ತಟ್ಟೆ ಬಂತು. ಇದು ಯಾರಿಗೆ ಎಂದು ಮಗಳು ಕೇಳಿದಳು. ನೀವು ಈಗ ಕರೆಯದೆ ಬಂದವರಲ್ಲ ಎಂದರು.

ಅವರನ್ನು ಏನೆಂದು ಕರೆಯಬೇಕೆಂದು ನಮಗೆ ತಿಳಿಯುತ್ತಿರಲಿಲ್ಲ. ಮಗಳು ಆಂಟಿ ಎಂದರೆ ಅವರಿಗೆ ಹಿಡಿಸಲಿಲ್ಲ, ಟೀವಿಯಲ್ಲಿ ಕರೆದ ಹಾಗಿದೆ ಎಂದರು. ನಿಮ್ಮ ಕಡೆ ಮನೆಯ ಹಿರಿಯ ಹೆಂಗಸಿಗೆ ಏನೆನ್ನುತ್ತೀರಿ ಎಂದು ಕೇಳಿದರು. ಅವ್ವ ಅಂತೀವಿ ಎಂದೆ. ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿ, ಇದು ಇರಲಿ ಎಂದರು. ಅವರು ನನ್ನನ್ನು ‘ಪಾನ್ ಟೇಲರ್’ ಎಂದು ಕರೆಯುತ್ತಿದ್ದರು. ಪಾನ್ ಎಂದರೆ ಅವರ ಮಾತಿನಲ್ಲಿ ನಮ್ಮ ರಾಯರು ಇದ್ದ ಹಾಗೆ. ಅಂಗಡಿಯಲ್ಲಿ ದಿನವಿಡೀ ‘ಹೇ’ ಎಂದು ಕರೆಸಿಕೊಂಡು ಬಂದವನಿಗೆ ಮೆಟ್ಟಿಲಲ್ಲಿ ಆ ಎರಡು ಪದ ಕೇಳಿದರೆ ಬೆನ್ನು ನೆಟ್ಟಗಾಗುತ್ತಿತ್ತು.

ಅವರ ಅಡುಗೆಮನೆಯಲ್ಲಿ ಪೋಲಿಷ್ ಅಂಗಡಿಯವರು ಕೊಡುವ ಕ್ಯಾಲೆಂಡರ್ ತೂಗುತ್ತಿತ್ತು. ಅವರ ದೇಶದ ರಜೆಗಳಿಗೆಲ್ಲ ಕೆಂಪು ಅಂಕಿ. ಮೇ ಮೂರು ಅವರ ಸಂವಿಧಾನದ ದಿನ, ನವೆಂಬರ್ ಹನ್ನೊಂದು ಸ್ವಾತಂತ್ರ್ಯದ ದಿನ. ಆ ಎರಡು ದಿನ ಬಾಗಿಲ ಪಕ್ಕದಲ್ಲಿ ಬಿಳಿ ಕೆಂಪು ಬಾವುಟ ಸಿಕ್ಕಿಸುತ್ತಿದ್ದರು. ಪ್ರತಿ ಜನವರಿಯಲ್ಲಿ ಹೊಸ ಕ್ಯಾಲೆಂಡರ್ ಬಂದ ಕೂಡಲೇ ನನ್ನನ್ನು ಕೆಳಗೆ ಕರೆದು ಹಸಿರು ಪೆನ್ನು ಕೈಗೆ ಕೊಡುತ್ತಿದ್ದರು. ನಾನು ಪಂಚಾಂಗ ನೋಡಿಕೊಂಡು ನಮ್ಮ ಹಬ್ಬಗಳಿಗೆ ಹಸಿರು ಸುತ್ತು ಹಾಕಬೇಕು. ಯುಗಾದಿ, ಪಂಚಮಿ, ಚೌತಿ, ದಸರಾ. ಯಾವ ಹಬ್ಬದಲ್ಲಿ ಏನು ಮಾಡುತ್ತೀರಿ ಎಂದು ಕೇಳಿ ಪಕ್ಕದಲ್ಲಿ ಅವರ ಲಿಪಿಯಲ್ಲಿ ಏನೋ ಬರೆದುಕೊಳ್ಳುತ್ತಿದ್ದರು. ಈಸ್ಟರ್ ಸೋಮವಾರ ಒಬ್ಬರ ಮೇಲೊಬ್ಬರು ನೀರು ಎರಚುವುದು ಅವರ ಪದ್ಧತಿ. ಮೊದಲ ವರ್ಷ ಕೆಲಸಕ್ಕೆ ಹೊರಟವನ ಮೇಲೆ ಬಾಗಿಲ ಸಂದಿಯಿಂದ ಒಂದು ಲೋಟ ನೀರು ಬಿತ್ತು. ಸಿಟ್ಟಿನಲ್ಲಿ ತಿರುಗಿದರೆ ಎಪ್ಪತ್ತು ದಾಟಿದ ಹೆಂಗಸು ಬಾಗಿಲ ಹಿಂದೆ ಬಾಯಿ ಮುಚ್ಚಿಕೊಂಡು ನಗುತ್ತಿದ್ದಾರೆ. ನಮ್ಮ ಓಕುಳಿಯ ವಿಷಯ ಹೇಳಿದ್ದೇ ತಪ್ಪಾಯಿತು. ಮರುವರ್ಷ ಚೊಂಬು ತುಂಬ ನೀರು.

ಇನ್ನೊಂದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ, ಅದು ಸಣ್ಣದು. ಅವರ ಉಪವಾಸದ ದಿನಗಳು ಶುರುವಾಗುವ ಮುಂಚಿನ ಗುರುವಾರ, ಗುಲಾಬಿ ಮುರಬ್ಬ ತುಂಬಿದ ಕರಿದ ಉಂಡೆ ಮಾಡುತ್ತಿದ್ದರು. ಅದರಲ್ಲಿ ಮೊಟ್ಟೆ ಇದೆ ಎಂದು ಅವರೇ ನಮ್ಮವಳಿಗೆ ಹೇಳಿ ಎಚ್ಚರಿಸಿದ್ದರು. ಮೇಲೆ ಬರುವ ಮುನ್ನ ನಾನು ಅವರ ಅಡುಗೆಮನೆಯಲ್ಲಿ ನಿಂತೇ ಎರಡು ತಿನ್ನುತ್ತಿದ್ದೆ, ಹದಿನೈದು ವರ್ಷ. ಅವರು ನನ್ನ ಮೀಸೆಯ ಸಕ್ಕರೆ ಪುಡಿ ಒರೆಸಿಕೊಳ್ಳಲು ಟವೆಲು ಕೊಟ್ಟು ಕಳಿಸುತ್ತಿದ್ದರು. ಒಂದು ಸಲವೂ ಬಾಯಿಬಿಡಲಿಲ್ಲ.

ನವೆಂಬರ್ ಒಂದರ ವಿಷಯಕ್ಕೆ ಬರಬೇಕು. ಅದನ್ನು ದಾಟಿ ಹೋಗಲು ನೋಡುತ್ತಿದ್ದೇನೆ.

ಅಂದು ಅವರಿಗೆ ಸತ್ತವರ ದೀಪದ ದಿನ. ಅವರ ದೇಶದಲ್ಲಿ ಅವತ್ತು ಸರ್ಕಾರಿ ರಜೆಯಂತೆ. ಊರಿಗೆ ಊರೇ ಸ್ಮಶಾನಕ್ಕೆ ಹೋಗಿ ಗೋರಿಗಳ ಮೇಲೆ ದೀಪ ಇಡುತ್ತದೆ, ಕತ್ತಲಾದ ಮೇಲೆ ದೂರದಿಂದ ನೋಡಿದರೆ ಗುಡ್ಡವೇ ಕೆಂಪಾಗಿ ಕಾಣುತ್ತದಂತೆ. ‘ಸತ್ತವರಿಗೆ ಒಂದು ದಿನ ರಜೆ ಕೊಡದ ದೇಶ’ ಎಂದು ಅಮೆರಿಕದ ಮೇಲೆ ಅವರಿಗಿದ್ದ ದೂರು ಇದೊಂದೇ. ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ನಾನು ಹಳೆಯ ಕಾರು ಕೊಂಡ ವರ್ಷದಿಂದ ಅಂದು ಅರ್ಧ ದಿನ ರಜೆ ಹಾಕಿ ಅವರನ್ನು ಗಂಡನ ಗೋರಿಗೆ ಕರೆದೊಯ್ಯುವುದು ನನ್ನ ಕೆಲಸವಾಯಿತು. ಬಕೆಟ್ಟು, ಬ್ರಷ್ಷು, ಹಳದಿ ಸೇವಂತಿಗೆಯ ಕುಂಡ, ಕೆಂಪು ಗಾಜಿನ ಆರು ದೀಪ. ದೀಪಕ್ಕೆ ತಗಡಿನ ಮುಚ್ಚಳ, ಮುಚ್ಚಳದ ಮೇಲೆ ಶಿಲುಬೆ, ಗಾಳಿಗೆ ಆರದ ಹಾಗೆ ಒಳಗೆ ಮೇಣದ ಬತ್ತಿ. ಅವರು ಮಂಡಿಯೂರಿ ಕಲ್ಲನ್ನು ಮಗುವಿನ ಬೆನ್ನು ತಿಕ್ಕಿದಂತೆ ತಿಕ್ಕುತ್ತಿದ್ದರು. ನಾನು ನೀರು ಹೊತ್ತು ತರುತ್ತಿದ್ದೆ. ಕೆಂಪು ದೀಪ, ಹಳದಿ ಹೂವು ನೋಡಿ, ಇವತ್ತು ನಮ್ಮ ರಾಜ್ಯದ ಹಬ್ಬವೂ ಹೌದು, ನಮ್ಮ ಬಾವುಟದ ಬಣ್ಣ ಇವೇ ಎರಡು ಎಂದು ಒಮ್ಮೆ ಹೇಳಿದೆ. ಅವರಿಗೆ ಅದು ಬಹಳ ಸರಿ ಎನಿಸಿತು. ಆಮೇಲೆ ಪ್ರತಿ ವರ್ಷ ಹಳದಿ ಸೇವಂತಿಗೆಯನ್ನೇ ಹುಡುಕಿ ತರುತ್ತಿದ್ದರು.

ಆರು ದೀಪದಲ್ಲಿ ಐದು ಅವರವು. ಗಂಡ, ತಂದೆ, ತಾಯಿ, ಅಣ್ಣ, ಹುಟ್ಟಿದ ದಿನವೇ ಹೋದ ಒಂದು ಕೂಸು. ಆರನೆಯದು ಮೊದಲು ಇರಲಿಲ್ಲ. ನಾವು ಬಂದ ಎರಡನೆಯ ವರ್ಷ ಹುಬ್ಬಳ್ಳಿಯಲ್ಲಿ ನಮ್ಮ ಅವ್ವ ತೀರಿಕೊಂಡಳು. ಅಂಗಡಿಯವನು ರಜೆ ಕೊಡಲಿಲ್ಲ, ನಾನು ಬಿಟ್ಟು ಹೋಗುವ ಧೈರ್ಯ ಮಾಡಲಿಲ್ಲ. ಮಣ್ಣಿಗೆ ಹೋಗಲಾಗದ ಮಗ. ಆ ನವೆಂಬರಿನಲ್ಲಿ ಅವರು ಆರನೆಯ ದೀಪ ಹಚ್ಚಿ ಸ್ವಲ್ಪ ದೂರ ಇಟ್ಟು, “ಇದು ನಿಮ್ಮ ಅವ್ವನಿಗೆ. ಇಲ್ಲಿಂದಲೂ ಕಾಣುತ್ತದೆ” ಎಂದರು. ನಾನು ಕಾರಿನಲ್ಲಿ ಕುಳಿತು ಅತ್ತೆ.

ಈಗ ಹೇಳಬೇಕಾದದ್ದು ಎಷ್ಟೋ ವರ್ಷ ಆಮೇಲಿನದು, ಮಗಳ ಮದುವೆಯಾದ ವರ್ಷದ್ದು. ಜನವರಿಯಲ್ಲಿ ಕ್ಯಾಲೆಂಡರ್ ಗುರುತು ಹಾಕುವಾಗಲೇ ಅವರ ಕಣ್ಣಿಗೆ ಬಿದ್ದಿತ್ತು, ನಾವು ಲಕ್ಷ್ಮೀಪೂಜೆ ಮಾಡುವ ದಿನ ಅವರ ಕೆಂಪು ಅಂಕಿಯ ಮೇಲೆಯೇ ಕುಳಿತಿತ್ತು. “ಈ ವರ್ಷ ನಿಮ್ಮ ದೀಪ, ನನ್ನ ದೀಪ ಒಂದೇ ದಿನ” ಎಂದು ಅದನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು. ವರ್ಷವಿಡೀ ಅದನ್ನು ನೆನೆದರು.

ಅಳಿಯನ ಮೊದಲ ದೀಪಾವಳಿ. ಬೀಗರು ಬೆಂಗಳೂರಿನವರು, ಗಂಡ ಹೆಂಡತಿ ಇಬ್ಬರೂ ಡಾಕ್ಟರು, ವುಡ್‌ಬ್ರಿಡ್ಜ್‌ನಲ್ಲಿ ದೊಡ್ಡ ಮನೆ. ನಮ್ಮ ಮನೆಗೆ ಅದೇ ಮೊದಲ ಸಲ ಬರುವವರಿದ್ದರು. ಸಂಜೆ ಆರಕ್ಕೆ ಬರುತ್ತೇವೆ ಎಂದಿದ್ದರು. ಮೂರೂವರೆಗೆ ಅವ್ವನನ್ನು ಗೋರಿಗೆ ಕರೆದುಕೊಂಡು ಹೋಗಿ ಐದಕ್ಕೆ ವಾಪಸು ಎಂದು ನಾನು ಮಾತು ಕೊಟ್ಟಿದ್ದೆ. ಕೆಲಸ ಮುಗಿಸಿ ಬರುವಾಗ ದಾರಿಯಲ್ಲಿ ಫೋನು ಬಂತು, ಬೀಗರು ನಾಲ್ಕೂವರೆಗೇ ಬರುತ್ತಾರಂತೆ. ಗಡಿಬಿಡಿಯಲ್ಲಿ ಮನೆ ಮುಂದೆ ಇಳಿದರೆ, ಹೊರಗಿನ ಆರು ಮೆಟ್ಟಿಲ ಮೇಲೆ ಆರು ಕೆಂಪು ದೀಪ ಉರಿಯುತ್ತಿವೆ. ಒಂದೊಂದರ ಪಕ್ಕ ನಮ್ಮವಳು ಎಣ್ಣೆ ಹಾಕಿಟ್ಟಿದ್ದ ಮಣ್ಣಿನ ಪಣತಿ.

ಅವರ ಮನಸ್ಸಿನಲ್ಲಿ ಏನಿತ್ತೆಂದು ನನಗೆ ಆ ಕ್ಷಣವೇ ತಿಳಿಯಿತು. ತಿಳಿಯಲಿಲ್ಲ ಎಂದು ಹೇಳಿಕೊಳ್ಳಲಾರೆ. ಆದರೆ ನನಗೆ ಕಂಡದ್ದು ಮುಚ್ಚಳದ ಮೇಲಿನ ಶಿಲುಬೆ, ಸ್ಮಶಾನದ ದೀಪ, ಲಕ್ಷ್ಮಿ ಬರುವ ಬಾಗಿಲು, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಬೀಗಿತ್ತಿಯ ಮುಖ. ಮಗಳ ಹೊಸ ಸಂಸಾರ, ಯಾರಾದರೂ ಅಪಶಕುನ ಎಂದುಬಿಟ್ಟರೆ? ಆರನ್ನೂ ಊದಿ ಆರಿಸಿದೆ. ಒಂದು ಕಸದ ಕಪ್ಪು ಚೀಲದಲ್ಲಿ ಹಾಕಿ, ಹಿತ್ತಲಿನ ಗ್ಯಾರೇಜಿನಲ್ಲಿ ಹಳೆಯ ಬಣ್ಣದ ಡಬ್ಬಿಗಳ ಹಿಂದೆ ತುರುಕಿ ಬಂದೆ. ನಾನು ಆರಿಸಿದ್ದರಲ್ಲಿ ಒಂದು ನಮ್ಮ ಅವ್ವನ ದೀಪ ಎಂಬುದು ಆಗ ಹೊಳೆಯಲೂ ಇಲ್ಲ.

ಐದು ನಿಮಿಷಕ್ಕೆ ಅವರು ಕರಿಯ ಕೋಟು ಹಾಕಿ, ತಲೆಗೆ ಸ್ಕಾರ್ಫ್ ಕಟ್ಟಿ, ಸೇವಂತಿಗೆ ಹಿಡಿದು ಹೊರಬಂದರು. ಮೆಟ್ಟಿಲು ನೋಡಿದರು. ದೀಪ ಎಲ್ಲಿ ಎಂದು ಕೇಳಿದರು. ಸ್ವಲ್ಪ ಹೊತ್ತು ನಿಮ್ಮ ಲಕ್ಷ್ಮಿಯ ಮುಂದೆ ಉರಿಯಲಿ, ಆಮೇಲೆ ನಮ್ಮವರ ಹತ್ತಿರ ಒಯ್ಯೋಣ ಎಂದು ಇಟ್ಟಿದ್ದೆ ಎಂದರು.

“ಗೊತ್ತಿಲ್ಲ” ಎಂದೆ. “ನಿನ್ನೆ ಹ್ಯಾಲೋವೀನ್ ಆಯ್ತಲ್ಲ, ಬೀದಿ ಹುಡುಗರು ಯಾರಾದರೂ ಎತ್ತಿಕೊಂಡು ಹೋಗಿರಬೇಕು.”

ಅವರು ನನ್ನ ಮುಖ ನೋಡಿದರು. “ಹುಡುಗರಾದರೆ ಬೆಳಕಿಗೇ ಒಯ್ದಿರುತ್ತಾರೆ. ಬಿಡಿ. ಹೊರಡೋಣವೇ, ಪಾನ್ ಟೇಲರ್?”

ಬೀಗರು ಬೇಗ ಬರುತ್ತಿದ್ದಾರೆ, ಇವತ್ತು ಆಗುವುದಿಲ್ಲ, ನಾಳೆ ಖಂಡಿತ ಎಂದೆ. ಅವರು ಸಿಟ್ಟಾಗಲಿಲ್ಲ. ನಾಳೆಯೂ ಸತ್ತವರ ದಿನವೇ ಎಂದು ನನಗೇ ಸಮಾಧಾನ ಹೇಳಿದರು. ಆಮೇಲೆ, “ಆದರೆ ಅವರು ಕಾಯುವುದು ಇವತ್ತು” ಎಂದರು. ಒಳಗೆ ಹೋಗಿ ಅಡುಗೆಮನೆಯ ಒಂದು ಬಿಳಿ ಮೇಣದಬತ್ತಿ ಜೇಬಿಗೆ ಹಾಕಿಕೊಂಡು, ಹೂವು ಹಿಡಿದು, ಬಸ್ಸಿನ ಕಡೆ ನಡೆದರು. ಎಂಬತ್ತೈದರ ಹತ್ತಿರದ ಜೀವ. ನಾನು ನೋಡುತ್ತ ನಿಂತೆ.

ಬೀಗರು ಬಂದರು. ಪೂಜೆಯಾಯಿತು, ಹೋಳಿಗೆ ತುಪ್ಪ ಬಡಿಸಿದೆವು. ಎಲ್ಲ ಸಾಂಗವಾಯಿತು ಎಂಬ ಸಮಾಧಾನದಲ್ಲಿ ಕಿಟಕಿಯ ಹತ್ತಿರ ಬೀಗರೊಂದಿಗೆ ನಿಂತಿದ್ದೆ. ಹೊರಗೆ ಕತ್ತಲು. ಅವ್ವ ವಾಪಸು ಬರುವುದು ಕಂಡಿತು. ಬರಿಗೈ. ಮೆಟ್ಟಿಲ ಹತ್ತಿರ ಬಂದು, ಪಣತಿಯ ಉರಿ ತಾಗದಂತೆ ಕೋಟಿನ ಅಂಚನ್ನು ಎತ್ತಿ ಹಿಡಿದು ಹತ್ತತೊಡಗಿದರು. ನಾಲ್ಕನೆಯ ಮೆಟ್ಟಿಲಿನ ಪಣತಿ ಗಾಳಿಗೆ ಆರಿತ್ತು. ಅವರು ನಿಂತರು. ಜೇಬಿನಿಂದ ಆ ಬಿಳಿ ಮೇಣದಬತ್ತಿ ತೆಗೆದರು. ಅದು ಒಯ್ದಾಗ ಇದ್ದಷ್ಟೇ ಉದ್ದವಿತ್ತು, ಹಚ್ಚಿಯೇ ಇರಲಿಲ್ಲ. ಕೆಳಗಿನ ಪಣತಿಯಿಂದ ಅದನ್ನು ಹಚ್ಚಿಕೊಂಡು, ಆರಿದ ಪಣತಿಗೆ ಮುಟ್ಟಿಸಿ, ಅದು ಹತ್ತಿಕೊಳ್ಳುವವರೆಗೆ ಅಂಗೈ ಅಡ್ಡ ಹಿಡಿದು, ಒಳಗೆ ಹೋದರು.

“ಯಾರದು, ಬೀಗರೇ?” ಎಂದು ಪಕ್ಕದಲ್ಲಿದ್ದ ಬೀಗರು ಕೇಳಿದರು.

“ಕೆಳಗಿನ ಮನೆ ಮುದುಕಿ.”

“ಓ, ಟೆನೆಂಟಾ?”

“ಹೂಂ” ಎಂದೆ.

ಇಷ್ಟೇ. ಇದನ್ನು ಬರೆಯಲಾರದೆ ನಾನು ಇಷ್ಟು ದಿನ ಸುತ್ತು ಹಾಕಿದ್ದು.

ಸ್ಮಶಾನದ ಗೇಟು ಐದಕ್ಕೇ ಮುಚ್ಚಿತ್ತಂತೆ. ಬಸ್ಸು ಬದಲಿಸಿ ಹೋಗುವಷ್ಟರಲ್ಲಿ ಐದು ದಾಟಿತ್ತು. ಹೂವನ್ನು ಗೇಟಿನ ಸರಳಿಗೆ ಸಿಕ್ಕಿಸಿ ಬಂದೆ ಎಂದು ಮರುದಿನ ನಮ್ಮವಳ ಹತ್ತಿರ ಹೇಳಿದರಂತೆ. ಮರುದಿನ ನಾನು ಬೀಗರ ಜೊತೆ ದೇವಸ್ಥಾನಕ್ಕೆ ಹೋಗಬೇಕಾಯಿತು. ಅದರ ಮರುದಿನ ಅವರು ಕೇಳಲಿಲ್ಲ, ನಾನು ನೆನಪಿಸಲಿಲ್ಲ.

ಡಿಸೆಂಬರ್ ಬಂತು. ಬೆರಳು ಕೆಂಪಾದವು. ಮಗಳು ಗಂಡನ ಮನೆಯಲ್ಲಿದ್ದಳು, ನಾವಿಬ್ಬರೇ ಎಣ್ಣೆಗಾಯಿ ಹಿಡಿದು ಇಳಿದೆವು. ಮೂರು ತಟ್ಟೆ, ನಾಲ್ಕನೆಯದು ಖಾಲಿ. ಉಣ್ಣುವ ಮೊದಲು ಅವರಲ್ಲೊಂದು ಪದ್ಧತಿ ಇದೆ. ಗೋದಿ ಹಿಟ್ಟಿನ ಬಿಳಿ ಹಪ್ಪಳದಂಥದ್ದು, ಅದಕ್ಕೆ ಒಪ್ವಾತೆಕ್ ಎನ್ನುತ್ತಾರೆ. ಒಬ್ಬೊಬ್ಬರೂ ಒಂದು ಹಿಡಿದು, ಎದುರಿನವರದ್ದರಲ್ಲಿ ಒಂದು ಚೂರು ಮುರಿದುಕೊಂಡು ತಿನ್ನಬೇಕು. ತಿನ್ನುವ ಮುನ್ನ ವರ್ಷದಲ್ಲಿ ಆದ ತಪ್ಪಿಗೆಲ್ಲ ಕ್ಷಮೆ ಕೇಳಿಕೊಳ್ಳಬೇಕು. ನಮ್ಮ ಕಡೆ ದಸರೆಯಲ್ಲಿ ಬನ್ನಿ ಕೊಟ್ಟು ಬಂಗಾರದ ಹಾಗೆ ಇರೋಣ ಎನ್ನುವುದಿಲ್ಲವೇ, ಅದನ್ನು ಹೋಲುತ್ತದೆ. ಆದರೆ ಇವರಲ್ಲಿ ತಪ್ಪನ್ನು ಬಾಯಿಬಿಟ್ಟು ಹೇಳಬೇಕು. ಪ್ರತಿ ವರ್ಷ ಅವರು ಹೇಳುತ್ತಿದ್ದರು, ನಾನು ಏನಿಲ್ಲ ಏನಿಲ್ಲ ಎಂದು ನಕ್ಕು ಚೂರು ಬಾಯಿಗೆ ಹಾಕಿಕೊಳ್ಳುತ್ತಿದ್ದೆ.

ಆ ಸಲ ನಮ್ಮವಳ ಜೊತೆ ಮುಗಿಸಿ ನನ್ನ ಕಡೆ ತಿರುಗಿದರು. ನನ್ನ ಕೈಯ ಹಪ್ಪಳದಿಂದ ಒಂದು ಚೂರು ಮುರಿದುಕೊಂಡರು. “ಪಾನ್ ಟೇಲರ್, ಈ ವರ್ಷ ನನ್ನಿಂದ ನಿಮಗೆ ನೋವಾಗಿದ್ದರೆ, ಕೇಳದೆ ನಿಮ್ಮ ಬಾಗಿಲಲ್ಲಿ ಏನಾದರೂ ಇಟ್ಟಿದ್ದರೆ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ.”

ಹೇಳಿ ಚೂರನ್ನು ತಿನ್ನಲಿಲ್ಲ. ಹಿಡಿದುಕೊಂಡೇ ನಿಂತರು. ಒಂದು ವಾಕ್ಯ ಸಾಕಿತ್ತು. ಇಂಗ್ಲಿಷಿನಲ್ಲಾದರೆ ಒಂದು ಪದ. ನಮ್ಮವಳು ನನ್ನನ್ನೇ ನೋಡುತ್ತಿದ್ದಳು.

“ಸಾರು ಆರುತ್ತೆ, ಅವ್ವಾ” ಎಂದೆ.

ಅವರು ತಲೆಯಾಡಿಸಿ, ಹೌದು, ಆರುತ್ತದೆ ಎಂದು ಚೂರನ್ನು ಬಾಯಿಗೆ ಹಾಕಿಕೊಂಡರು. ಸಾರು ಬಡಿಸಿದರು. ನನಗೆ ಎರಡು ಸೌಟು ಹೆಚ್ಚಿಗೆ.

ಫೆಬ್ರವರಿಯ ಆ ಗುರುವಾರ ಗುಲಾಬಿ ಮುರಬ್ಬದ ಉಂಡೆ ಮಾಡಿದ್ದರು. ಈ ಸಲ ಟವೆಲು ಕೊಡಲು ಕುರ್ಚಿಯಿಂದ ಏಳಲಾಗಲಿಲ್ಲ. ಆಸ್ಪತ್ರೆಗೆ ಸೇರಿಸಿದೆವು. ಈಸ್ಟರಿಗೆ ಇನ್ನೂ ಎರಡು ವಾರವಿರುವಾಗ ಹೋದರು. ಶಿಕಾಗೋದಿಂದ ಅವರ ಅಣ್ಣನ ಮಗಳು ಬಂದಳು. ಮಣ್ಣು ಮಾಡುವಾಗ ಉಡಿಸಲು ನೀಲಿ ಉಡುಪೊಂದನ್ನು ಅವರೇ ಎತ್ತಿಟ್ಟಿದ್ದರಂತೆ. ದೇಹ ಇಳಿದುಹೋಗಿ ಅದು ದೊಡ್ಡದಾಗಿತ್ತು. ಅವಳು ಅದನ್ನು ಮೇಲೆ ತಂದು, ಅತ್ತೆ ನಿಮ್ಮ ಹತ್ತಿರವೇ ಕೊಡಲು ಹೇಳಿದ್ದರು ಎಂದಳು. ಎರಡೂ ಪಕ್ಕ ಎರಡೆರಡು ಇಂಚು ಹಿಡಿದೆ. ಮಷಿನ್ನಿಗೆ ಹಾಕಲು ಮನಸ್ಸಾಗದೆ ಕೈಯಲ್ಲೇ ಹೊಲಿದೆ.

ಮಣ್ಣಾದ ಮರುದಿನ ಗ್ಯಾರೇಜಿಗೆ ಹೋದೆ. ಆ ಚೀಲ ತೆಗೆದು, ದೀಪಗಳನ್ನು ಅವರ ಗೋರಿಗಾದರೂ ಇಟ್ಟು ಬರೋಣ ಎಂಬ ಯೋಚನೆ. ಬಣ್ಣದ ಡಬ್ಬಿಗಳ ಹಿಂದೆ ಚೀಲ ಇರಲಿಲ್ಲ. ಪಕ್ಕದ ಹಲಗೆಯ ಮೇಲೆ, ಹಿಮಕ್ಕೆ ಹಾಕುವ ಉಪ್ಪಿನ ಮೂಟೆಯ ಮೇಲುಗಡೆ, ಆರೂ ದೀಪ ಸಾಲಾಗಿ ನಿಂತಿದ್ದವು. ಗಾಜು ಒರೆಸಿ ತೊಳೆದಿತ್ತು. ಒಳಗೆ ಹೊಸ ಮೇಣದ ಬತ್ತಿ. ಕೆಳಗೆ ಅವರು ತರಿಸುವ ಪೋಲಿಷ್ ಪತ್ರಿಕೆ ಹಾಸಿತ್ತು. ನನಗೆ ಆ ಭಾಷೆ ಬಾರದು, ತಾರೀಖು ಓದಲು ಬರುತ್ತದೆ. ಡಿಸೆಂಬರ್ ಮೊದಲ ವಾರದ್ದು.

ಅಲ್ಲಿಯೇ ಉಪ್ಪಿನ ಮೂಟೆಯ ಮೇಲೆ ಕುಳಿತೆ. ಹಪ್ಪಳದ ಚೂರು ಹಿಡಿದು ಕಾದು ನಿಂತಾಗ ಅವರಿಗೆ ಎಲ್ಲ ಗೊತ್ತಿತ್ತು. ನನ್ನನ್ನು ಹಿಡಿಯಲೆಂದು ಕಾದದ್ದಲ್ಲ. ನಾನು ಇಳಿಸಿಕೊಳ್ಳಲಿ ಎಂದು ಜಾಗ ಮಾಡಿ ಕೊಟ್ಟದ್ದು, ಮೊದಲ ದಿನ ತಟ್ಟೆ ಸರಿಸಿ ಜಾಗ ಮಾಡಿದ ಹಾಗೆ.

ಮುಂದಿನ ನವೆಂಬರ್ ಒಂದಕ್ಕೆ ನಾನೊಬ್ಬನೇ ಹೋದೆ. ಬಕೆಟ್ಟು, ಬ್ರಷ್ಷು, ಹಳದಿ ಸೇವಂತಿಗೆ. ಕಲ್ಲಿನ ಮೇಲೆ ಗಂಡನ ಹೆಸರಿನ ಕೆಳಗೆ ಅವರ ಹೆಸರು ಹೊಸದಾಗಿ ಕೆತ್ತಿದ್ದರು. ಮಂಡಿಯೂರಲು ನನಗೂ ಕಷ್ಟ ಈಗ. ಆರು ದೀಪ ಹಚ್ಚಿದೆ. ಅವರಿಗೆಂದು ಏಳನೆಯದನ್ನು ತರಬೇಕಿತ್ತು ಎಂದು ಆಗ ನೆನಪಾಯಿತು. ನಮ್ಮ ಅವ್ವನ ದೀಪವನ್ನು ಅವರ ಹೆಸರಿನ ಹತ್ತಿರ ಸರಿಸಿದೆ. ನಮ್ಮ ಅವ್ವ ಬೇಡ ಎನ್ನುವವಳಲ್ಲ.





ಗೇಟು ಮುಚ್ಚುವ ಗಂಟೆಯಾಗುವವರೆಗೆ ಕುಳಿತಿದ್ದೆ. ಹೇಳಬೇಕಾದ ಮಾತು ಬಾಯಿಗೆ ಬಂತು. ಕಲ್ಲಿಗೆ ಹೇಳಿದರೆ ಹೇಳಿದಂತಾಗುವುದಿಲ್ಲ ಎನಿಸಿ ಎದ್ದು ಬಂದೆ.

ಕ್ರಿಸ್‌ಮಸ್ಸಿಗೆ ಮುಂಚೆ ಶಿಕಾಗೋದ ಹುಡುಗಿ ಲಕೋಟೆಯಲ್ಲಿ ಒಪ್ವಾತೆಕ್ ಕಳಿಸಿ ಫೋನು ಮಾಡಿದಳು. ಈ ವರ್ಷದಿಂದ ಪೋಲೆಂಡಿನಲ್ಲಿ ಆ ಮುನ್ನಾದಿನವೂ ಸರ್ಕಾರಿ ರಜೆಯಂತೆ, ಅತ್ತೆ ಇದ್ದಿದ್ದರೆ ಎಷ್ಟು ಬಯ್ಯುತ್ತಿದ್ದರೋ ಎಂದಳು. ನನಗೆ ನೆನಪಿತ್ತು. ಹರೆಯದಲ್ಲಿ ಅವರು ಊರಿನ ನೂಲಿನ ಗಿರಣಿಯಲ್ಲಿದ್ದಾಗ ಅಂದು ಮಧ್ಯಾಹ್ನದವರೆಗೆ ದುಡಿದು, ನಕ್ಷತ್ರ ಮೂಡುವುದರೊಳಗೆ ಮನೆ ಮುಟ್ಟಲು ಹಿಮದಲ್ಲಿ ಬಸ್ಸಿನ ಹಿಂದೆ ಓಡುತ್ತಿದ್ದರಂತೆ. ಓಡಿ ಬಂದವರಿಗೇ ಆ ಸಾರಿನ ರುಚಿ ಎನ್ನುತ್ತಿದ್ದರು.

ಸಂಜೆ ನಮ್ಮವಳು ಮೇಲೆ ನಮ್ಮ ಮನೆಯಲ್ಲೇ ಮೂರು ತಟ್ಟೆ ಇಟ್ಟಳು. ಎಣ್ಣೆಗಾಯಿ ಮಾಡಿದ್ದಳು. ಒಪ್ವಾತೆಕ್ ಮುರಿಯುವಾಗ ನನಗೆ ತಡೆಯಲಾಗಲಿಲ್ಲ. ಚೀಲ, ಗ್ಯಾರೇಜು, ಬೀಗರಿಗೆ ಹೇಳಿದ ಮಾತು, ಎಲ್ಲ ಹೇಳಿದೆ. ಅವಳು ಅಷ್ಟೂ ಕೇಳಿದಳು.

“ನೀವು ಚೀಲಾ ಹಿಡಕೊಂಡು ಹಿತ್ತಲಕ್ಕ ಹೋಗೂದನ್ನ ನಾ ಅಡಗಿಮನಿ ಕಿಟಕ್ಯಾಗಿಂದ ನೋಡಿದ್ದೆ” ಎಂದಳು.

“ಮತ್ತ ಯಾಕ ಸುಮ್ಮನಿದ್ದಿ?”

“ನಾ ಹೇಳಿದ್ರ ಅದು ನನ್ನ ಮಾತಾಗ್ತಿತ್ತು. ನೀವ ಹೇಳ್ತೀರಿ ಅಂತ ಕಾದೆ. ಈಗ ನನ್ನ ಮುಂದ ಹೇಳಿದ್ರ ಏನ ಬಂತ್ರೀ? ಕೇಳಬೇಕಾದವ್ರು ಕೆಳಗಿದ್ರು. ಹದಿನಾಲ್ಕ ಮೆಟ್ಟಲಾ ಇಳೀಬೇಕಿತ್ತು, ಅಷ್ಟ.”

ಉಳಿದ ಚೂರನ್ನು ಹಿಡಿದು ಆ ಹದಿನಾಲ್ಕು ಮೆಟ್ಟಿಲು ಇಳಿದೆ. ಕೆಳಮನೆಗೆ ಬೀಗ. ಒಳಗೆ ದೀಪವಿಲ್ಲ, ಬೀಟ್‌ರೂಟಿನ ಹುಳಿ ವಾಸನೆಯಿಲ್ಲ. ಮೊದಲ ದಿನ ಬಡಿದ ಅದೇ ಬಾಗಿಲು. ಬಡಿಯಲು ಕೈ ಎತ್ತಿ ಇಳಿಸಿದೆ.

ಬೀಗರ ಮುಂದೆ ನಾನು ಹೇಳಿದ್ದರಲ್ಲಿ ಯಾವುದೂ ನಿಜವಲ್ಲ. ಮನೆ ಅವರದು, ಬಾಡಿಗೆಯವನು ನಾನು. ನಾನು ದೀಪ ಆರಿಸಿದೆ, ಅವರು ನನ್ನ ದೀಪ ಹಚ್ಚಿದರು. ಕ್ಷಮೆ ಕೇಳೆಂದು ಕೈಯಲ್ಲಿ ಚೂರು ಹಿಡಿದು ಕಾದವರಿಗೆ ಸಾರು ಆರುತ್ತದೆ ಎಂದೆ. ಕೆಳಗಿನ ಮನೆಯ ಮುದುಕಿ ಎಂದೆನಲ್ಲ, ನಾನು ಕೊನೆಗೂ ಕ್ಷಮೆ ಕೇಳದೆ ಉಳಿದದ್ದು ಅವರನ್ನು, ನನ್ನ ಕೆಳಮನೆಯ ಅವ್ವನನ್ನು.